ಹದಿನೈದು ಎಸಳಿನ ಸೇವಂತಿಗೆ

ನಾನು ಒಂದು ಭೂತಗನ್ನಡಿ. ಹೆಸರಿನಲ್ಲಿ ಭೂತವಿದೆ ಎಂದು ಹೆದರಬೇಡಿ. ಸಣ್ಣದನ್ನು ದೊಡ್ಡದಾಗಿ ತೋರಿಸುವುದು ಬಿಟ್ಟರೆ ನನಗೆ ಬೇರೆ ಯಾವ ವಿದ್ಯೆಯೂ ಬರುವುದಿಲ್ಲ. ಆ ಒಂದು ವಿದ್ಯೆ ಸಾಕು ಎಂದು ನಾನು ಬಹಳ ವರ್ಷ ನಂಬಿದ್ದೆ.

ನಾನು ಹುಟ್ಟಿದ್ದು ದೂರದ ಅಂಬಾಲದಲ್ಲಿ, ಶಾಲೆಗಳಿಗೆ ವಿಜ್ಞಾನದ ಸಾಮಾನು ಮಾಡುವ ಒಂದು ಸಣ್ಣ ಕಾರ್ಖಾನೆಯಲ್ಲಿ. ಮೊದಲು ನಾನೊಂದು ಮಂಕು ಗಾಜಿನ ಬಿಲ್ಲೆ. ಒಬ್ಬ ಹೆಂಗಸು ನನ್ನನ್ನು ತಿರುಗುವ ಬಟ್ಟಲಿಗೆ ಒತ್ತಿ ಹಿಡಿದು ಉಜ್ಜಿದಳು. ಮೊದಲು ಒರಟು ಪುಡಿ, ಆಮೇಲೆ ನಯವಾದ ಪುಡಿ, ಕೊನೆಗೆ ಕುಂಕುಮದಂಥ ಕೆಂಪು ಪುಡಿ ಕಲಸಿದ ನೀರು. ಸಂಜೆಯ ಹೊತ್ತಿಗೆ ನನ್ನ ಮುಖ ನುಣ್ಣಗಾಗಿ ಹೊಳೆಯಿತು. ಎಲ್ಲರೂ ಬೆಳಕಿಗೆ ಎತ್ತಿ ಹಿಡಿದು ಮೆಚ್ಚಿದರು. ಬಟ್ಟಲಿನಿಂದ ಹರಿದುಹೋದ ಕೆಂಪು ನೀರಿನಲ್ಲಿ ನನ್ನದೇ ಮೈ ಇತ್ತು ಎಂಬುದನ್ನು ಯಾರೂ ಗಮನಿಸಲಿಲ್ಲ. ನುಣ್ಣಗಾಗುವುದೆಂದರೆ ಸವೆಯುವುದು. ಹುಟ್ಟಿದ ದಿನವೇ ಕಲಿತ ಪಾಠ ಅದು. ಬೇಕಾದ ಹೊತ್ತಿಗೆ ಅದನ್ನು ಹೇಳಲು ನನಗೆ ಬಾಯಿರಲಿಲ್ಲ.

ಹಿತ್ತಾಳೆಯ ಕಟ್ಟು, ಕಪ್ಪು ಮರದ ಹಿಡಿ ತೊಡಿಸಿ ನನ್ನನ್ನು ರೈಲಿಗೆ ಹಾಕಿದರು. ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ನನ್ನನ್ನು ಆರಿಸಿಕೊಂಡವರು ಬೆಟಗೇರಿಯ ಚನ್ನವೀರಪ್ಪನವರು. ಅವರದು ಮನೆಯ ಮುಂಗೋಣೆಯಲ್ಲಿ ಕಾಲಿನಿಂದ ತುಳಿದು ನಡೆಸುವ ಒಂದೇ ಒಂದು ಯಂತ್ರವಿದ್ದ ಮುದ್ರಣಾಲಯ. ಊದಿನಕಡ್ಡಿ, ಹಲ್ಲುಪುಡಿ, ಸಾಬೂನು, ಮುಖಕ್ಕೆ ಹಚ್ಚುವ ಸ್ನೋ, ಇವುಗಳ ಚೀಟಿ ಅಚ್ಚು ಹಾಕುವುದು ಅವರ ಕೆಲಸ. ಒದ್ದೆ ಶಾಯಿಯ ಮೊದಲ ಚೀಟಿಯನ್ನು ಅವರು ನನ್ನ ಕೆಳಗಿಟ್ಟು ಅಕ್ಷರ ಅಕ್ಷರ ನೋಡುತ್ತಿದ್ದರು. ಒಂದು ಕೊಂಬು ಮುರಿದಿದ್ದರೂ ಯಂತ್ರ ನಿಲ್ಲುತ್ತಿತ್ತು.

ಅವರ ಒಬ್ಬಳೇ ಮಗಳು ದಾಕ್ಷಾಯಣಿ ಶಾಲೆಯಿಂದ ಬಂದವಳೇ ಅಪ್ಪನ ಪಕ್ಕ ಕೂತು ನನ್ನನ್ನು ಕೈಗೆತ್ತಿಕೊಳ್ಳುತ್ತಿದ್ದಳು. ಚನ್ನವೀರಪ್ಪನವರು ಅವಳಿಗೆ ಒಂದು ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದರು.

"ನೋಡವ್ವಾ, ಹೆಸರು ದೊಡ್ಡ ಅಕ್ಷರದಾಗ ಹಾಕಸ್ತಾರ. ಮುಚ್ಚಿಡೂ ಮಾತನ್ನ ಸಣ್ಣ ಅಕ್ಷರದಾಗ ಹಾಕಸ್ತಾರ. ಮನಷ್ಯಾನ್ನ ಓದಬೇಕಂದ್ರ ಸಣ್ಣ ಅಕ್ಷರ ಓದಬೇಕು."

ಒಮ್ಮೆ, ಮನೆಯಲ್ಲೇ ಸ್ನೋ ಕಾಯಿಸಿ ಮಾರುವ ಮುದುಕರೊಬ್ಬರು ಚೀಟಿ ಮಾಡಿಸಲು ಬಂದರು.

"ಒಳಗ ಏನೇನ್ ಹಾಕೀರಿ, ಅದನ್ನೂ ಹಾಕೂಣೇನ್ರೀ ಯಜಮಾನ್ರ?" ಎಂದು ಕೇಳಿದರು ಚನ್ನವೀರಪ್ಪ.

"ಅಷ್ಟ ಜಾಗಾ ಎಲ್ಲೈತ್ರೀ? ಒಂದು ಹೂವ ಹಾಕ್ರಿ, ಮಂದಿ ಗುರ್ತ ಹಿಡೀತಾರ. ದೊಡ್ಡ ಹೂವ ಹಾಕ್ರಿ."

ಚನ್ನವೀರಪ್ಪನವರು ಹದಿನಾರು ಎಸಳಿನ ಸೇವಂತಿಗೆಯನ್ನು ಮರದಲ್ಲಿ ತಾವೇ ಕೆತ್ತಿದರು. ಮೂರು ದಿನ ಹಿಡಿಯಿತು. ಆ ಅಚ್ಚನ್ನು ಒರೆಸಿಡು ಎಂದು ಮಗಳ ಕೈಗೆ ಕೊಟ್ಟಾಗ ಅದು ಜಾರಿ ಕಲ್ಲಿನ ನೆಲದ ಮೇಲೆ ಬಿತ್ತು. ಚೀಟಿಯ ಮೇಲೆ ಎಡಗಡೆ ಮೂಡಬೇಕಿದ್ದ ಒಂದು ಎಸಳು ಹಾರಿಹೋಯಿತು. ದಾಕ್ಷಾಯಣಿಗೆ ಆಗ ಒಂಬತ್ತು ವರ್ಷ. ಅಪ್ಪ ನನ್ನ ಮೂಲಕ ಆ ಮುರಿದ ಜಾಗವನ್ನು ಬಹಳ ಹೊತ್ತು ನೋಡಿದರು. ಆಮೇಲೆ ನಕ್ಕರು.

"ಇರ್ಲಿ ಬಿಡು ನನ್ನವ್ವಾ. ಹದಿನೈದು ಎಸಳಿನ ಸ್ಯಾವಂತಿಗಿ ಇನ್ನ ಯಾರ ಕಡೇನೂ ಇರಾಂಗಿಲ್ಲ. ಇದು ನಿನ್ನ ಹೂವ."

ಸ್ನೋ ಮಾಡುವ ಮುದುಕರು ಚೀಟಿ ಒಯ್ಯಲು ಬಂದಾಗ ಅವಳಿಗೆ ಒಂದು ಡಬ್ಬಿ ಕೊಟ್ಟುಹೋದರು. ಬೆಳ್ಳಗೆ, ತಣ್ಣಗೆ, ಗುಲಾಬಿ ನೀರಿನ ವಾಸನೆಯ ಸ್ನೋ. ಅದರಿಂದ ಯಾರಿಗೂ ಒಳ್ಳೆಯದಾಗಲಿಲ್ಲ, ಕೆಟ್ಟದ್ದೂ ಆಗಲಿಲ್ಲ. ದಾಕ್ಷಾಯಣಿ ಮಾತ್ರ ಆ ವಾಸನೆಯನ್ನು ಮರೆಯಲಿಲ್ಲ.

ಕಾಲ ಸರಿಯಿತು. ಚನ್ನವೀರಪ್ಪನವರು ತೀರಿಕೊಂಡರು. ಅಕ್ಷರದ ಮೊಳೆಗಳು, ಯಂತ್ರ, ಮರದ ಅಚ್ಚುಗಳು ಎಲ್ಲವೂ ಬೇರೊಬ್ಬ ಮುದ್ರಕನ ಪಾಲಾದವು. ದಾಕ್ಷಾಯಣಿ ಇಟ್ಟುಕೊಂಡದ್ದು ನನ್ನೊಬ್ಬನನ್ನೇ. ಆ ಹೊತ್ತಿಗೆ ಅವಳು ಗದಗಿನಲ್ಲಿ ಸಂಸಾರ ಹೂಡಿದ್ದಳು. ಗಂಡ ಬಸ್ ಕಂಡಕ್ಟರ್, ವಾರದಲ್ಲಿ ನಾಲ್ಕು ದಿನ ಹೊರಗೇ. ಅವಳು ಮನೆಯಲ್ಲಿ ಸೀರೆಗಳಿಗೆ ಫಾಲ್ ಹಚ್ಚುತ್ತಿದ್ದಳು. ನನ್ನ ಜಾಗ ಹೊಲಿಗೆ ಯಂತ್ರದ ಖಾನೆ, ದಾರದ ಉಂಡೆಗಳ ನಡುವೆ. ಸೂಜಿಗೆ ದಾರ ಪೋಣಿಸುವಾಗ, ಮಗಳು ಅಕ್ಷತಾಳ ಬೆರಳಿಗೆ ಮುಳ್ಳು ಚುಚ್ಚಿದಾಗ ನನ್ನನ್ನು ತೆಗೆಯುತ್ತಿದ್ದಳು. ಅಷ್ಟೇ ಕೆಲಸ. ಅವು ಒಳ್ಳೆಯ ವರ್ಷಗಳು.

ಅಕ್ಷತಾ ಮಾತುಗಾರ್ತಿ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಅವಳು ಎದ್ದು ನಿಂತರೆ ಎದುರಾಳಿಗಳು ಚೀಟಿ ಮಡಚಿಡುತ್ತಿದ್ದರಂತೆ. ಹದಿನಾರು ತುಂಬಿದಾಗ ಅವಳ ಕೆನ್ನೆ, ಹಣೆಗಳಲ್ಲಿ ಮೊಡವೆ ಎದ್ದವು. ನೆಂಟರ ಮನೆಯ ತೊಟ್ಟಿಲ ಶಾಸ್ತ್ರದಲ್ಲಿ ಅವಳ ಸೋದರತ್ತೆ ಎಲ್ಲರೆದುರು ಗದ್ದ ಹಿಡಿದೆತ್ತಿ ಕೇಳಿದಳು:

"ಏನ ಅಕ್ಷತಾ, ಮಾರಿ ತುಂಬ ಸಜ್ಜಿ ಬಿತ್ತೀಯಲ್ಲ, ರಾಶಿ ಯಾವಾಗ?"

ಹೆಂಗಸರೆಲ್ಲ ನಕ್ಕರು. ಅಕ್ಷತಾಳೂ ನಕ್ಕಳಂತೆ. ಮನೆಗೆ ಬಂದವಳು ಮುಂದಿನ ಸ್ಪರ್ಧೆಗೆ ಹೆಸರು ಕೊಡಲಿಲ್ಲ.

ದಾಕ್ಷಾಯಣಿಗೆ ಅದು ತಡೆಯಲಾಗಲಿಲ್ಲ. ಆದರೆ ಸಿಕ್ಕಿದ್ದನ್ನು ಮಗಳ ಮುಖಕ್ಕೆ ಬಳಿಯುವ ತಾಯಿಯಲ್ಲ ಅವಳು. ಹೊಸ ನೋಟುಬುಕ್ಕು ತಂದಳು. ಹಾಳೆಯ ನಡುವೆ ಗೆರೆ ಎಳೆದು, ಎಡಕ್ಕೆ "ಗೊತ್ತಿದ್ದದ್ದು" ಎಂದೂ ಬಲಕ್ಕೆ "ಗೊತ್ತಿಲ್ಲದ್ದು" ಎಂದೂ ಬರೆದಳು. ಓರಗಿತ್ತಿಯರಿಂದ, ಗೆಳತಿಯರಿಂದ ಅವರವರು ಹಚ್ಚುವ ಕ್ರೀಮುಗಳನ್ನು ಒಂದು ದಿನದ ಮಟ್ಟಿಗೆ ಕೇಳಿ ತಂದಳು. ಕುಕ್ಕರು ಒಂದು ಸೀಟಿ ಹಾಕಿ ಇನ್ನೊಂದು ಹಾಕುವುದರೊಳಗೆ ಕಿಟಕಿಯ ಬಳಿ ಕೂತು, ಕೊಳವೆಯ ಹಿಂಬದಿಯ ಇರುವೆಸಾಲಿನಂಥ ಅಕ್ಷರಗಳ ಮೇಲೆ ನನ್ನನ್ನು ಹಿಡಿದು ಓದುತ್ತಿದ್ದಳು. ಕನ್ನಡ ಶಾಲೆಯಲ್ಲಿ ಹತ್ತನೆಯವರೆಗೆ ಓದಿದವಳು. ಇಂಗ್ಲಿಷ್ ಹೆಸರುಗಳನ್ನು ಒಂದೊಂದೇ ಅಕ್ಷರ ಕೂಡಿಸಿ, ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದಳು.

"ಅಕ್ಕು, ಆಕ್ವಾ ಅಂದ್ರ ಏನವ್ವಾ? ಎಲ್ಲಾದರಾಗೂ ಮೊದಲ ಅದ ಐತಿ."

"ನೀರು ಬೇ."

"ನೀರಾ! ಹಾಲಿನ ಬಸಣ್ಣಗ ಈ ಹೆಸರು ಗೊತ್ತಾಗಬಾರದು ನೋಡು."

ಆ ದಿನ ತಾಯಿ ಮಗಳು ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕದ್ದು ನನಗೆ ನೆನಪಿದೆ.

ಪಟ್ಟಿಯಲ್ಲಿ ಮೊದಲು ಬರುವುದು ಹೆಚ್ಚು ಇರುತ್ತದೆ, ಕೊನೆಗೆ ಬರುವುದು ಕಡಿಮೆ ಎಂಬುದನ್ನು ಅವಳು ಕಲಿತಳು. ಒಂದು ಕೊಳವೆಯ ಮುಂಬದಿಯಲ್ಲಿ ಲೋಳೆಸರದ ದೊಡ್ಡ ಚಿತ್ರ, ಹಿಂಬದಿಯ ಪಟ್ಟಿಯಲ್ಲಿ ಅದರ ಹೆಸರು ಸುಗಂಧಕ್ಕಿಂತಲೂ ಕೆಳಗೆ. ಇನ್ನೊಂದರಲ್ಲಿ ಕೇಸರಿ ಎಂದು ಬರೆದಿದ್ದರೂ ಪಟ್ಟಿಯಲ್ಲಿದ್ದದ್ದು ಕೇಸರಿ ಬಣ್ಣ. ಗ್ಲಿಸರಿನ್ ಎಡಕ್ಕೆ ಹೋಯಿತು. ಬಾಯಲ್ಲಿ ನಿಲ್ಲದ ಉದ್ದುದ್ದ ಹೆಸರುಗಳೆಲ್ಲ ಬಲಕ್ಕೆ. ಅವುಗಳ ಅರ್ಥ ಕೇಳಲು ಔಷಧದ ಅಂಗಡಿಗೆ ಹೋದರೆ ಅಂಗಡಿಯವನು ಕೈ ಮುಗಿದ: "ಅಕ್ಕಾರ, ನೀವು ಕ್ರೀಮ್ ತಗೋತೀರೋ ಪರೀಕ್ಷಾ ಕಟ್ಟೀರೋ?"

ಆರು ಕ್ರೀಮುಗಳಾದವು. ಪ್ರತಿಯೊಂದರಲ್ಲೂ ಬಲಗಡೆಯ ಸಾಲು ಎಡಗಡೆಯದಕ್ಕಿಂತ ಉದ್ದವಿತ್ತು. ಅವುಗಳಲ್ಲಿ ಹೆಚ್ಚಿನವು ಯಾರಿಗೂ ಕೇಡು ಮಾಡದ ಸಾಮಾನ್ಯ ವಸ್ತುಗಳೇ ಇರಬೇಕು. ಆದರೆ ಗೊತ್ತಿಲ್ಲದ ಹೆಸರೆಲ್ಲ ಅವಳಿಗೆ ಮುಚ್ಚಿಟ್ಟ ಮಾತಿನಂತೆ ಕಂಡಿತು. ಅಪ್ಪ ಹಾಗೆಯೇ ಅಲ್ಲವೇ ಕಲಿಸಿದ್ದು? ಒಂದನ್ನೂ ಕೊಳ್ಳಲಿಲ್ಲ.

"ನೀ ಓದಿ ಮುಗಸೂದ್ರಾಗ ನಾ ಮುದುಕಿ ಆಗಿರ್ತೀನಿ ಬೇ," ಎಂದಳು ಅಕ್ಷತಾ.

ಆಗ ಬಂದದ್ದು ಆ ಡಬ್ಬಿ. ಕೊಟ್ಟವಳು ಓಣಿಯ ತುದಿಯಲ್ಲಿ ಪಾರ್ಲರ್ ನಡೆಸುವ ಜಯಶೀಲಾ. ಸೀರೆಗೆ ಫಾಲ್ ಹಚ್ಚಿಸಲು ಬಂದವಳು ಅಕ್ಷತಾಳ ಮುಖ ನೋಡಿ ಮರುಗಿ, ತನ್ನ ಚೀಲದಿಂದಲೇ ತೆಗೆದುಕೊಟ್ಟಳು. "ಮನ್ಯಾಗ ಮಾಡೂ ಕ್ರೀಮ್ ರೀ ಅಕ್ಕಾ, ಹಳೇ ಕಾಲದ್ದು. ನಾನೂ ಇದನ್ನ ಹಚ್ಚೂದು."

ಬಿಳಿ ಪ್ಲಾಸ್ಟಿಕ್ಕಿನ ಗಿಡ್ಡ ಡಬ್ಬಿ, ಮುಚ್ಚಳದ ಮೇಲೊಂದು ಹೂವಿನ ಚೀಟಿ. ದಾಕ್ಷಾಯಣಿ ಅದನ್ನು ನನ್ನ ಕೆಳಗೆ ಮೂರು ಸುತ್ತು ತಿರುಗಿಸಿದಳು. ಬುಡ ನೋಡಿದಳು, ಮುಚ್ಚಳ ತೆಗೆದು ಅದರ ಒಳಮೈ ನೋಡಿದಳು. ಒಂದೇ ಒಂದು ಅಕ್ಷರ ಇರಲಿಲ್ಲ. ನೋಟುಬುಕ್ಕಿನಲ್ಲಿ "ಹೂವಿನ ಡಬ್ಬಿ" ಎಂದು ಬರೆದು, ಬಲಗಡೆಯ ಖಾಲಿ ಜಾಗವನ್ನು ನೋಡುತ್ತಾ ಕೂತಳು. ಅವಳ ಮುಖ ನಿಧಾನವಾಗಿ ಅರಳಿತು.

"ಗೊತ್ತಿಲ್ಲದ್ದು ಒಂದೂ ಇಲ್ಲ," ಎಂದಳು.

ಎಡಗಡೆಯೂ ಖಾಲಿ ಇತ್ತು. ಅದನ್ನು ಅವಳು ನೋಡಲಿಲ್ಲ. ನಾನು ಇದ್ದದ್ದನ್ನು ದೊಡ್ಡದು ಮಾಡಬಲ್ಲೆ. ಬರೆಯದೆ ಬಿಟ್ಟದ್ದನ್ನು ಎಷ್ಟು ಪಟ್ಟು ದೊಡ್ಡದು ಮಾಡಿದರೂ ಅದು ಬಿಳಿ ಜಾಗವೇ.

ಕೊನೆಗೆ ಅವಳು ನನ್ನನ್ನು ಮುಚ್ಚಳದ ಮೇಲೆ ಅಂಟಿಸಿದ್ದ ಹೂವಿನ ಮೇಲೆ ಹಿಡಿದಳು. ಬೆರಳಿಟ್ಟು ಎಣಿಸಿದಳು, ಇನ್ನೊಮ್ಮೆ ಎಣಿಸಿದಳು. ಹದಿನೈದು. ಎಡಗಡೆ ಒಂದು ಎಸಳಿನ ಜಾಗ ಬರಿದು.

"ಅಕ್ಕು, ಇದು ನಮ್ಮಪ್ಪನ ಹೂವ! ನಾ ಮುರಿದದ್ದು! ಇಲ್ಲಿ ನೋಡ ಬಾ!"

ಕಣ್ಣೀರು ಒರೆಸಿಕೊಂಡು ಅವಳೇ ತನ್ನ ಬೆರಳಿನಿಂದ ಮಗಳ ಕೆನ್ನೆಗೆ ಮೊದಲ ಬೊಟ್ಟು ಹಚ್ಚಿದಳು.

ಹದಿನೈದು ದಿನಕ್ಕೆ ಮೊಡವೆ ಅಡಗಿದವು. ತಿಂಗಳಿಗೆ ಅಕ್ಷತಾಳ ಮುಖ ಸುಲಿದ ಬಾದಾಮಿಯ ಹಾಗಾಯಿತು. ನುಣ್ಣಗೆ, ಬೆಳ್ಳಗೆ, ಹೊಳೆಯುತ್ತ. ನನಗೆ ಅಂಬಾಲದ ಕೆಂಪು ನೀರು ನೆನಪಾಯಿತು. ಅಕ್ಷತಾ ಮತ್ತೆ ವೇದಿಕೆ ಹತ್ತಿದಳು, ಜಿಲ್ಲೆಗೇ ಮೊದಲು ಬಂದಳು. ಹಂಗಿಸಿದ ಸೋದರತ್ತೆಯೇ ಬಂದು, "ಏನ ಹಚ್ಚತೀ, ನಮಗೂ ಒಂಚೂರು ಹೇಳ," ಎಂದಳು. ದಾಕ್ಷಾಯಣಿ ಯಾರಿಗೂ ಬಚ್ಚಿಡಲಿಲ್ಲ. ನೋಟುಬುಕ್ಕು ಬಿಚ್ಚಿ, ಆರು ಹಾಳೆಗಳ ಉದ್ದುದ್ದ ಸಾಲುಗಳನ್ನೂ ಏಳನೆಯ ಹಾಳೆಯ ಬಿಳುಪನ್ನೂ ತೋರಿಸುತ್ತಿದ್ದಳು. ಪಕ್ಕದ ಮನೆಯ ಶಾಂಭವಿಗೂ ತೋರಿಸಿದಳು. ಅವಳ ಮಗಳು ಭುವನಾ ಆಗ ಎಂಟನೆಯ ತರಗತಿ.

ಎಂಟು ತಿಂಗಳು ಹೀಗೆ ನಡೆಯಿತು. ಒಮ್ಮೆ ಜಯಶೀಲಾಳ ಬಳಿ ಡಬ್ಬಿ ಮುಗಿದು, ಹೊಸದು ಬರಲು ಹತ್ತು ದಿನ ತಡವಾಯಿತು. ನಾಲ್ಕನೆಯ ದಿನ ಅಕ್ಷತಾಳ ಮುಖ ಕೆಂಪೇರಿತು. ಆರನೆಯ ದಿನ ಉರಿ ಎಂದು ಅತ್ತಳು. ಡಬ್ಬಿ ಬಂತು, ಹಚ್ಚಿದರು, ಉರಿ ಇಳಿಯಿತು. "ನೋಡು, ಇದಿಲ್ಲದಿದ್ರ ನಡ್ಯಾಂಗಿಲ್ಲ," ಎಂದು ದಾಕ್ಷಾಯಣಿ ಎರಡು ಡಬ್ಬಿ ತಂದಿಟ್ಟಳು. ಆದರೆ ಮುಂದಿನ ತಿಂಗಳು ಹಚ್ಚಿದರೂ ಉರಿ ಇಳಿಯಲಿಲ್ಲ. ಬಿಸಿಲಿಗೆ ಹೋದರೆ ಮುಖಕ್ಕೆ ಖಾರ ಮೆತ್ತಿದ ಹಾಗೆ. ಕಿಟಕಿಯ ಬಳಿ ಮಗಳನ್ನು ಕೂಡಿಸಿ ದಾಕ್ಷಾಯಣಿ ನನ್ನನ್ನು ಆ ಕೆನ್ನೆಯ ಮೇಲೆ ಹಿಡಿದಳು. ನಾನು ಕಂಡದ್ದನ್ನೇ ತೋರಿಸಬೇಕು. ಹಸಿ ಈರುಳ್ಳಿಯ ಪೊರೆಯಷ್ಟು ತೆಳುವಾದ ಚರ್ಮ, ಅದರ ಕೆಳಗೆ ಕೆಂಪು ದಾರದ ಸಿಕ್ಕಿನ ಹಾಗೆ ರಕ್ತದ ಎಳೆಗಳು, ದವಡೆಯ ಉದ್ದಕ್ಕೂ ಹೊಸದಾಗಿ ಮೂಡಿದ ಕಪ್ಪು ಕೂದಲು.

ಹುಬ್ಬಳ್ಳಿಯ ಚರ್ಮದ ಡಾಕ್ಟರಮ್ಮನ ಬಳಿಗೆ ಹೋದರು. ನಾನೂ ನೋಟುಬುಕ್ಕಿನ ಜೊತೆ ಚೀಲದಲ್ಲಿದ್ದೆ. ಡಾಕ್ಟರಮ್ಮನ ಕೈಯಲ್ಲಿ ನನಗಿಂತ ಬಹಳ ಜಾಣ ಕನ್ನಡಿ ಇತ್ತು, ಅದಕ್ಕೆ ತನ್ನದೇ ದೀಪವಿತ್ತು. ಅವರು ಮುಖ ನೋಡಿ, ಡಬ್ಬಿಯನ್ನು ಕೈಗೆತ್ತಿಕೊಂಡು ತಿರುಗಿಸಿದರು.

"ಇದರಾಗ ಏನೈತಿ ಅಂತ ಒಂದಕ್ಷರಾನೂ ಬರದಿಲ್ಲಲ್ಲವಾ ತಾಯಿ?"

"ಬರದಿಲ್ರೀ," ಎಂದಳು ದಾಕ್ಷಾಯಣಿ. "ಅದಕ್ಕ ತಗೊಂಡೆ."

ಡಾಕ್ಟರಮ್ಮ ಡಬ್ಬಿಯನ್ನು ಮೇಜಿನ ಮೇಲಿಟ್ಟರು. ಬೈಯಲಿಲ್ಲ. ಅದೇ ಹೆಚ್ಚು ನೋವಾಗಿರಬೇಕು.

"ಇದರಾಗ ಸ್ಟೀರಾಯ್ಡ್ ಇರಬೇಕು. ಭಾಳ ಜೋರಿಂದು. ಇದು ಔಷಧ, ಕ್ರೀಮಿನಂಗ ದಿನಾ ಹಚ್ಚೂದಲ್ಲ. ಮೊದಲ ಬೆಳ್ಳಗ ಮಾಡತೈತಿ, ಆಮ್ಯಾಲ ಚರ್ಮಾನ ಸವಸತೈತಿ."

"ಮೊದಲಿನಂಗ ಆಗತಾಳೇನ್ರೀ?"

"ಉರಿ ಇಳಿತೈತಿ. ವರ್ಷ ಹಿಡಿಬಹುದು, ಎರಡೂ ಹಿಡಿಬಹುದು. ಮೊದಲಿನಂಗ ಆಗತಾಳ ಅಂತ ನಾ ಹೆಂಗ ಹೇಳ್ಲಿ?"

ಊರಿಗೆ ಬಂದವಳು ನೇರ ಪಾರ್ಲರಿಗೆ ಹೋದಳು. ಜಗಳ ಆಡಬೇಕೆಂದೇ ಹೋದಳು. ಜಯಶೀಲಾ ಎಲ್ಲವನ್ನೂ ಕೇಳಿಸಿಕೊಂಡು, ಒದ್ದೆ ಬಟ್ಟೆಯಿಂದ ತನ್ನ ಮುಖದ ಪೌಡರು ಒರೆಸಿ ತೋರಿಸಿದಳು. ಅದೇ ಕೆಂಪು, ಅದೇ ದಾರಗಳು.

"ಐದ ವರ್ಷಾತ್ರೀ ಅಕ್ಕಾ. ಬಿಟ್ಟರ ಉರೀತೈತಿ, ಅದಕ್ಕ ಬಿಟ್ಟಿಲ್ಲ. ಡಬ್ಬ್ಯಾಗ ಏನೈತಿ ಅಂತ ನನಗೂ ಗೊತ್ತಿಲ್ಲ."

"ಮತ್ತ ಈ ಹೂವ? ಇದು ನಮ್ಮಪ್ಪನ ಹೂವ."

"ಅದೇನ್ರೀ, ಹೂವಿನ ಚೀಟಿ ಹಾಳಿಗಟ್ಲೆ ಸಿಗತಾವು. ಯಾವ ಡಬ್ಬಿಗೆ ಬೇಕಾದ್ರೂ ಅಂಟಸ್ತಾರ."

ಮನೆಗೆ ಬಂದು ದಾಕ್ಷಾಯಣಿ ನೋಟುಬುಕ್ಕಿನ ಏಳನೆಯ ಹಾಳೆ ತೆರೆದಳು. ಬಲಗಡೆ ಒಂದೇ ಪದ ಬರೆದಳು: ಸ್ಟೀರಾಯ್ಡ್. ಬರೆದ ಮೇಲೆ, ಅದು ಈಗ ಗೊತ್ತಿದ್ದದ್ದು ಎಂದು ಹೊಳೆದಿರಬೇಕು. ಹೊಡೆದುಹಾಕಿ ಎಡಗಡೆ ಬರೆದಳು. ನೋಟುಬುಕ್ಕು ಮುಚ್ಚಿದಳು. ಆಮೇಲೆ ಅವಳು ಏನನ್ನೂ ನನ್ನ ಕೆಳಗಿಟ್ಟು ಓದಿಲ್ಲ. ಡಬ್ಬಿಯ ಸಂಗತಿಯನ್ನು ನಾಚಿಕೆಯಿಂದ ನೆರೆಯವರಿಗೂ ಹೇಳಲಿಲ್ಲ.

ಅಕ್ಷತಾ ಕಾಲೇಜು ಬಿಟ್ಟಳು. ಒಳಗೋಣೆಯ ಗೋಡೆಗನ್ನಡಿಯನ್ನು ತಿರುಗಿಸಿಟ್ಟಳು. ತಾಯಿ ದಿನಕ್ಕೆ ನಾಲ್ಕು ಸಲ ತಣ್ಣೀರಿನ ಬಟ್ಟೆ ಹಿಂಡಿ ಅವಳ ಕೆನ್ನೆಗೆ ಇಡುತ್ತಾಳೆ. ಒಂದು ಮಧ್ಯಾಹ್ನ ಕಣ್ಣು ಮುಚ್ಚಿಕೊಂಡೇ ಅಕ್ಷತಾ ಹೇಳಿದಳು, ಮೆಲ್ಲಗೆ, ಸಿಟ್ಟಿಲ್ಲದೆ:

"ನೀ ಓದಿದ್ದ್ಯಲ್ಲ ಬೇ."

ದಾಕ್ಷಾಯಣಿ ಬಟ್ಟೆಯನ್ನು ಮತ್ತೊಮ್ಮೆ ನೀರಿಗದ್ದಿದಳು. ಹಿಂಡಿದಳು. ಇಟ್ಟಳು.

ಇದೆಲ್ಲ ಆಗಿ ವರ್ಷವಾಯಿತು. ಮೊನ್ನೆ ಒಂದು ಮಧ್ಯಾಹ್ನ ದಾಕ್ಷಾಯಣಿ ಹಿತ್ತಿಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಅಕ್ಷತಾ ಓಢಣಿ ಸುತ್ತಿಕೊಂಡು ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು, ಖಾನೆ ತೆರೆದಿತ್ತು. ಪಕ್ಕದ ಮನೆಯ ಭುವನಾ ಬಂದಳು. ಈಗ ಒಂಬತ್ತನೆಯ ತರಗತಿ. ಹಣೆಯ ಮೇಲೆ ನಾಲ್ಕಾರು ಮೊಡವೆ, ಕೈಯಲ್ಲಿ ಬಿಳಿ ಡಬ್ಬಿ.

"ಅಕ್ಕಾ, ಇದನ್ನ ರಾತ್ರಿ ಹಚ್ಚಬೇಕೋ ಮುಂಜಾನೆನೋ? ನಮ್ಮವ್ವ ತಂದಾಳ. ನಿಮ್ಮವ್ವ ಓದಿ ನೋಡಿ ಛಲೋ ಐತಿ ಅಂದಿದ್ದಳಂತ."

ಅಕ್ಷತಾ ಡಬ್ಬಿಯ ಮೇಲಿನ ಹೂವನ್ನು ನೋಡಿದಳು. ಎದ್ದು ನಿಂತಳು. ವರ್ಷವಿಡೀ ಮನೆಯವರಲ್ಲದ ಯಾರ ಮುಂದೆಯೂ ತೆಗೆಯದ ಓಢಣಿಯನ್ನು ಮುಖದಿಂದ ಸರಿಸಿದಳು. ಖಾನೆಯಿಂದ ನನ್ನನ್ನೆತ್ತಿ ಭುವನಾಳ ಕೈಗಿಟ್ಟು, ಕಿಟಕಿಯ ಬೆಳಕಿಗೆ ಕೆನ್ನೆ ಒಡ್ಡಿದಳು.

"ಡಬ್ಬಿ ಮ್ಯಾಲ ಬರದಿಲ್ಲದ್ದು ಇಲ್ಲಿ ಬರದೈತಿ. ಓದು."

ಭುವನಾ ನನ್ನ ಮೂಲಕ ನೋಡಿದಳು.

"ನೋವಾಗತೈತೇನಕ್ಕಾ?"

"ಹೂಂ."

ಅಕ್ಷತಾ ಮಾತಾಡಿದಳು. ಬಹಳ ದಿನಗಳ ಮೇಲೆ ಆ ದನಿ ಕೇಳಿದೆ, ವೇದಿಕೆಯ ದನಿ. ಮೊದಲು ಹೇಗೆ ನುಣ್ಣಗಾಯಿತು, ಹೇಗೆ ಸವೆಯಿತು, ಡಾಕ್ಟರಮ್ಮ ಏನೆಂದರು, ಒಂದಾದ ಮೇಲೊಂದು. ಆ ಮಾತಿಗೆ ಯಾವ ಎದುರಾಳಿಯೂ ಉತ್ತರ ಕೊಡುವಂತಿರಲಿಲ್ಲ. ಭುವನಾ ತಲೆಯಾಡಿಸುತ್ತಾ ಎಲ್ಲವನ್ನೂ ಕೇಳಿದಳು. ಆಮೇಲೆ ನನ್ನನ್ನು ಜೋಪಾನವಾಗಿ ಖಾನೆಯಲ್ಲಿಟ್ಟಳು.

"ಆದ್ರ ಅಕ್ಕಾ, ಎಂಟ ತಿಂಗಳ ಎಷ್ಟ ಚಂದ ಇದ್ದಿ ನೀ. ಬರೋ ತಿಂಗಳ ನಮ್ಮ ಸಾಲ್ಯಾಗ ಸ್ನೇಹಸಮ್ಮೇಳನ ಐತಿ. ಅಷ್ಟಕ್ಕ ಹಚ್ಚಿ ಬಿಟ್ಟಬಿಡತೀನಿ."

ಅಕ್ಷತಾ ಡಬ್ಬಿಗೆ ಕೈ ಹಾಕಿದಳು. ಹುಡುಗಿ ಅದನ್ನು ಬೆನ್ನ ಹಿಂದೆ ಅಡಗಿಸಿಕೊಂಡು ಓಡಿದಳು. ಸದ್ದು ಕೇಳಿ ಒದ್ದೆ ಕೈಯಲ್ಲೇ ಬಂದ ದಾಕ್ಷಾಯಣಿ, ಮಗಳ ಬರಿಮುಖ ನೋಡಿ, ವಿಷಯ ತಿಳಿದು, ಹಾಗೆಯೇ ಪಕ್ಕದ ಮನೆಗೆ ಹೋದಳು. ಗೋಡೆ ಒಂದೇ. ಶಾಂಭವಿಯ ದನಿ ನನಗೂ ಅಕ್ಷತಾಳಿಗೂ ಸ್ಪಷ್ಟವಾಗಿ ಕೇಳಿಸಿತು.

"ನಿಮ್ಮ ಮಗಳು ಹಚ್ಚಿಕೊಂಡು ಜಿಲ್ಲಾಕ್ಕ ಫಸ್ಟ್ ಬಂದ್ಳು. ನಮ್ಮ ಹುಡಿಗಿ ಹಚ್ಚತೀನಿ ಅಂದ್ರ ಬ್ಯಾಡೇನ್ರೀ? ನೀವ ಅಲ್ಲೇನು ಆ ಬುಕ್ಕ ತೋರಿಸಿದವರು? ಗೊತ್ತಿಲ್ಲದ್ದು ಒಂದೂ ಇಲ್ಲ ಅಂದವರು?"

ದಾಕ್ಷಾಯಣಿ ಏನು ಹೇಳಿದಳೋ ಕೇಳಿಸಲಿಲ್ಲ. ಅವಳ ದನಿ ಯಾವಾಗಲೂ ಸಣ್ಣದು.

ಈಗ ನಾನು ಖಾನೆಯ ಮೂಲೆಯಲ್ಲಿದ್ದೇನೆ. ಹಿತ್ತಾಳೆ ಕಪ್ಪಾಗಿದೆ, ಹಿಡಿ ಸಡಿಲವಾಗಿದೆ, ನನ್ನ ಮೇಲೆ ಆ ನೋಟುಬುಕ್ಕು ಇದೆ. ಸೂಜಿಗೆ ದಾರ ಪೋಣಿಸಲೂ ಅವಳು ನನ್ನನ್ನು ತೆಗೆಯುವುದಿಲ್ಲ, ನಾಲ್ಕು ಸಲ ತಪ್ಪಿ ಐದನೆಯ ಸಲಕ್ಕೆ ತಾನೇ ಪೋಣಿಸುತ್ತಾಳೆ. ಚನ್ನವೀರಪ್ಪನವರು ಸಣ್ಣ ಅಕ್ಷರ ಓದಲು ಕಲಿಸಿದರು, ಮುರಿದ ಎಸಳನ್ನು ಗುರುತಿಸಲು ಕಲಿಸಿದರು. ಏನೂ ಬರೆಯದಿದ್ದರೆ ಹೆದರಬೇಕು ಎಂದು ಕಲಿಸಲು ಮರೆತರು. ಸ್ನೋ ಮಾಡುವ ಮುದುಕರು ದೊಡ್ಡ ಹೂವು ಹಾಕಿರಿ ಎಂದ ದಿನ ಅವರೇ ಅದನ್ನು ಕಲಿಯಬೇಕಿತ್ತು. ನಾನೂ ಅಲ್ಲೇ ಇದ್ದೆ, ಹೂವನ್ನಷ್ಟೇ ನೋಡಿದೆ.

ದಿನವೂ ಬೆಳಿಗ್ಗೆ, ಶಾಲೆಯ ಗಂಟೆಗೆ ಮುಂಚೆ, ಗೋಡೆಯ ಆಚೆ ಪ್ಲಾಸ್ಟಿಕ್ ಮುಚ್ಚಳ ತಿರುಗುವ ಸದ್ದಾಗುತ್ತದೆ. ಇಲ್ಲಿ ಹೊಲಿಗೆ ಯಂತ್ರ ನಿಲ್ಲುತ್ತದೆ. ಒದ್ದೆ ಬಟ್ಟೆಯ ಕೆಳಗೆ ಅಕ್ಷತಾ ಕಣ್ಣು ತೆರೆಯುತ್ತಾಳೆ. ಸದ್ದನ್ನು ದೊಡ್ಡದು ಮಾಡುವ ವಿದ್ಯೆ ನನಗೆ ಬರುವುದಿಲ್ಲ. ಆದರೂ ಈ ಮನೆಯಲ್ಲಿ ಈಗ ಅದಕ್ಕಿಂತ ದೊಡ್ಡ ಸದ್ದು ಇನ್ನೊಂದಿಲ್ಲ.